ದ್ವಿದಳ ಬೆಳೆಗಳಲ್ಲಿ ಉದಯಪೂರ್ವ ಕಳೆನಾಶಕಗಳಿಂದ ಹುಲ್ಲುಕಳೆ ನಿಯಂತ್ರಣ

ದ್ವಿದಳ ಬೆಳೆಗಳಲ್ಲಿ ಉದಯಪೂರ್ವ ಕಳೆನಾಶಕಗಳಿಂದ ಹುಲ್ಲುಕಳೆ ನಿಯಂತ್ರಣ ಎಂಬುದು ಕಡಲೆಕಾಯಿ, ತೊಗರಿ, ಅವರೆ, ಹೆಸರು, ಅಲಸಂದೆ, ಸೋಯಾ ಅವರೆ ಮೊದಲಾದ ಬೆಳೆಗಳಲ್ಲಿ ಅನುಸರಿಸುವ ಒಂದು ಕೃಷಿ ವಿಧಾನ. ಬಿತ್ತನೆಯಾದ ಮೇಲೆ, ಕಳೆಯ ಮೊಳಕೆ ನೆಲದಿಂದ ಹೊರಬರುವ ಮುನ್ನ, ಮಣ್ಣಿನ ಮೇಲ್ಪದರಕ್ಕೆ ರಾಸಾಯನಿಕವನ್ನು ಸಿಂಪಡಿಸಿ ಹುಲ್ಲುಜಾತಿಯ ಕಳೆಗಳನ್ನು ಮೊಳಕೆಯ ಹಂತದಲ್ಲಿಯೇ ತಡೆಯುವುದು ಇದರ ಉದ್ದೇಶ. ಕರ್ನಾಟಕದಲ್ಲಿ ಈ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿರುವ ರಾಸಾಯನಿಕ ಪೆಂಡಿಮೆಥಾಲಿನ್. ದ್ವಿದಳ ಬೆಳೆಯೊಂದನ್ನೇ ಬಿತ್ತಿದ ಹೊಲಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಆದರೆ ತುಮಕೂರು ಜಿಲ್ಲೆಯಂತೆ ರಾಗಿಯೂ ದ್ವಿದಳವೂ ಒಂದೇ ಹೊಲದಲ್ಲಿ, ಅಥವಾ ಒಂದರ ಹಿಂದೆ ಒಂದರಂತೆ ಬೆಳೆಯುವ ಪ್ರದೇಶದಲ್ಲಿ ಇದರ ಬಳಕೆಗೆ ಮಿತಿಗಳಿವೆ. ರಾಗಿಯೂ ಸಸ್ಯಶಾಸ್ತ್ರದ ದೃಷ್ಟಿಯಿಂದ ಒಂದು ಹುಲ್ಲೇ ಆಗಿರುವುದು ಇದಕ್ಕೆ ಕಾರಣ.

ಪದಗಳ ಅರ್ಥ

ಕನ್ನಡದಲ್ಲಿ 'ಕಳೆ' ಎಂಬ ಪದಕ್ಕೆ ಬೇಡದ ಗಿಡ ಎಂಬ ಅರ್ಥವೂ, ಮುಖದ ಕಾಂತಿ ಎಂಬ ಅರ್ಥವೂ, ತೆಗೆದುಹಾಕು ಎಂಬ ಕ್ರಿಯಾರ್ಥವೂ ಉಂಟು. ಕೃಷಿಯಲ್ಲಿ ಮೊದಲನೆಯ ಮತ್ತು ಮೂರನೆಯ ಅರ್ಥಗಳು ಒಂದೇ ವಾಕ್ಯದಲ್ಲಿ ಕೂಡಿ ಬರುವುದೂ ಇದೆ. 'ಉದಯಪೂರ್ವ' ಎಂಬಲ್ಲಿ ಉದಯ ಎಂದರೆ ಮೊಳಕೆಯು ಮಣ್ಣಿನಿಂದ ಹೊರಬರುವುದು. ಸೂರ್ಯೋದಯಕ್ಕೂ ಇದಕ್ಕೂ ಸಂಬಂಧವಿಲ್ಲ. ಕೃಷಿ ವಿಶ್ವವಿದ್ಯಾಲಯಗಳ ಕೈಪಿಡಿಗಳಲ್ಲಿ ಇದೇ ಪದ ಬಳಕೆಯಲ್ಲಿದ್ದರೂ ಹಳ್ಳಿಗಳಲ್ಲಿ 'ಕಳೆ ಔಷಧಿ' ಎಂಬ ಮಾತೇ ರೂಢಿ. ಬಿತ್ತನೆಗೂ ಮೊದಲು ಸಿಂಪಡಿಸಿ ಮಣ್ಣಿನಲ್ಲಿ ಬೆರೆಸುವವು ಬಿತ್ತನೆಪೂರ್ವ ಕಳೆನಾಶಕಗಳು. ಕಳೆ ಎರಡು ಮೂರು ಎಲೆ ಬಿಟ್ಟ ಮೇಲೆ ಅದರ ಮೇಲೆಯೇ ಸಿಂಪಡಿಸುವವು ಉದಯೋತ್ತರ ಕಳೆನಾಶಕಗಳು. ಈ ಲೇಖನದ ವಿಷಯ ಇವೆರಡರ ನಡುವಿನ ಗುಂಪು.

'ಹುಲ್ಲು' ಎಂಬ ಪದದ ಬಗ್ಗೆಯೂ ಎಚ್ಚರ ಬೇಕು. ಆಡುಮಾತಿನಲ್ಲಿ ಪಾರ್ಥೇನಿಯಂ ಗಿಡಕ್ಕೆ ಕಾಂಗ್ರೆಸ್ ಹುಲ್ಲು ಎಂಬ ಹೆಸರಿದೆ. ಆದರೆ ಅದು ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಅಗಲ ಎಲೆಯ ಸಸ್ಯ. ಜೇಕು ಅಥವಾ ಕೊನ್ನಾರಿಯು ನೋಟಕ್ಕೆ ಹುಲ್ಲಿನಂತೆಯೇ ಇದ್ದರೂ ಬೇರೆ ಕುಟುಂಬದ್ದು. ಅದರ ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಮೂಲೆಗಳು ಕೈಗೆ ಸಿಗುತ್ತವೆ. ನಿಜವಾದ ಹುಲ್ಲಿನ ಕಾಂಡವು ದುಂಡಗೆ ಅಥವಾ ಚಪ್ಪಟೆಯಾಗಿದ್ದು ಗೆಣ್ಣುಗಳಿಂದ ಕೂಡಿರುತ್ತದೆ. ಹುಲ್ಲಿಗೆಂದು ತಂದ ಔಷಧಿ ಕೆಲಸ ಮಾಡಲಿಲ್ಲ ಎಂಬ ದೂರುಗಳಲ್ಲಿ ಎಷ್ಟೋ ಈ ಹೆಸರಿನ ಗೊಂದಲದಿಂದಲೇ ಹುಟ್ಟುತ್ತವೆ.

ತುಮಕೂರು ಜಿಲ್ಲೆಯ ಹಿನ್ನೆಲೆ

ತುಮಕೂರು ಜಿಲ್ಲೆಯ ಹತ್ತು ತಾಲ್ಲೂಕುಗಳು ರಾಜ್ಯದ ಮೂರು ಕೃಷಿ ಹವಾಮಾನ ವಲಯಗಳಲ್ಲಿ ಹಂಚಿಹೋಗಿವೆ. ತುಮಕೂರು ಮತ್ತು ಗುಬ್ಬಿ ಪೂರ್ವ ಒಣವಲಯಕ್ಕೂ, ಕುಣಿಗಲ್ ಮತ್ತು ತುರುವೇಕೆರೆ ದಕ್ಷಿಣ ಒಣವಲಯಕ್ಕೂ, ಉಳಿದವು ಮಧ್ಯ ಒಣವಲಯಕ್ಕೂ ಸೇರುತ್ತವೆ. ತುಮಕೂರು ನಗರದ ಶಿರಾ ಗೇಟ್ ದಾಟಿ ಉತ್ತರಕ್ಕೆ ಹೊರಟವರಿಗೆ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ: ತೆಂಗು, ಅಡಿಕೆ ಕಡಿಮೆಯಾಗುತ್ತ ಶಿರಾ, ಮಧುಗಿರಿ, ಪಾವಗಡಗಳ ಕಡೆಗೆ ಮಳೆಯಾಶ್ರಿತ ಕಡಲೆಕಾಯಿಯ ಹೊಲಗಳು ಹೆಚ್ಚುತ್ತವೆ. ಪಶ್ಚಿಮಕ್ಕೆ ಗುಬ್ಬಿಯ ಕಡೆಗೂ ದಕ್ಷಿಣಕ್ಕೆ ಕುಣಿಗಲ್ಲಿನ ಕಡೆಗೂ ಹೋದರೆ ರಾಗಿಯ ಹೊಲ, ಅದರೊಳಗೆ ಅವರೆ ಮತ್ತು ತೊಗರಿಯ ಸಾಲು, ಕೆರೆಯ ಕೆಳಗೆ ಭತ್ತ ಮತ್ತು ತೋಟ.

ಜಿಲ್ಲೆಯ ಬಹುಪಾಲು ಮಣ್ಣು ಕೆಂಪು ಮರಳುಮಿಶ್ರಿತ ಗೋಡು. ಇದರಲ್ಲಿ ಸಾವಯವ ಅಂಶ ಕಡಿಮೆ, ನೀರು ಹಿಡಿದಿಡುವ ಶಕ್ತಿಯೂ ಕಡಿಮೆ. ಮಳೆ ಬಂದೊಡನೆ ಬಿತ್ತಬೇಕು. ಬಿತ್ತಿದ ಮೇಲೆ ಮಳೆ ಬಿಡುವು ಕೊಟ್ಟರೆ ಮಾತ್ರ ಎಡೆಕುಂಟೆ ಹೊಡೆಯಲು ಸಾಧ್ಯ. ಜಡಿಮಳೆ ಹಿಡಿದರೆ ಕುಂಟೆ ಹೊಲಕ್ಕೆ ಇಳಿಯದು, ಹುಲ್ಲು ಮಾತ್ರ ಬೆಳೆಯುತ್ತಲೇ ಇರುತ್ತದೆ. ಕೈಕಳೆ ತೆಗೆಯುವ ಕೆಲಸ ಹೆಚ್ಚಾಗಿ ಹೆಣ್ಣಾಳುಗಳದ್ದು, ಅದೂ ಎಲ್ಲರ ಹೊಲಕ್ಕೂ ಒಂದೇ ವಾರದಲ್ಲಿ ಬೇಕಾಗುವ ಕೆಲಸ. ಬೆಂಗಳೂರಿಗೂ ತುಮಕೂರು, ವಸಂತನರಸಾಪುರಗಳ ಕೈಗಾರಿಕೆಗಳಿಗೂ ದುಡಿಯುವ ಕೈಗಳು ಹೋದಂತೆ ಈ ವಾರದ ಆಳಿನ ಅಭಾವ ಹೆಚ್ಚಿದೆ. ಸಣ್ಣ ಹಿಡುವಳಿದಾರರು ಕಳೆನಾಶಕದತ್ತ ತಿರುಗಿದ್ದಕ್ಕೆ ಇದೇ ಮುಖ್ಯ ಕಾರಣ.

ಹುಲ್ಲುಕಳೆಗಳ ಪರಿಚಯ

ಜಿಲ್ಲೆಯ ಕಡಲೆಕಾಯಿ ಮತ್ತು ಬೇಳೆಕಾಳು ಹೊಲಗಳಲ್ಲಿ ಕಾಣುವ ಹುಲ್ಲುಕಳೆಗಳನ್ನು ವಾರ್ಷಿಕ ಮತ್ತು ಬಹುವಾರ್ಷಿಕ ಎಂದು ಬೇರ್ಪಡಿಸಿ ನೋಡುವುದು ಅಗತ್ಯ. ಕಾಡುರಾಗಿ (ಎಲ್ಯುಸೀನ್ ಇಂಡಿಕಾ), ಕೋಣನತಲೆ ಹುಲ್ಲು (ಡ್ಯಾಕ್ಟಿಲೊಕ್ಟೀನಿಯಂ ಈಜಿಪ್ಟಿಯಂ), ಡಿಜಿಟೇರಿಯಾ ಕುಲದ ನೆಲಕ್ಕೆ ಹರಡುವ ಹುಲ್ಲುಗಳು, ಸಾಮೆಯನ್ನು ಹೋಲುವ ಎಕಿನೋಕ್ಲೋವಾ ಕೊಲೋನಾ ಇವು ವಾರ್ಷಿಕ ಹುಲ್ಲುಗಳು. ಇವುಗಳ ಬೀಜ ಅತಿ ಸಣ್ಣದು. ಆದ್ದರಿಂದ ಮಣ್ಣಿನ ಮೇಲಿನ ಒಂದೆರಡು ಸೆಂಟಿಮೀಟರಿನಲ್ಲಿ ಇರುವ ಬೀಜ ಮಾತ್ರ ಯಶಸ್ವಿಯಾಗಿ ಮೊಳೆಯುತ್ತದೆ. ಉದಯಪೂರ್ವ ಕಳೆನಾಶಕದ ನಿಜವಾದ ಗುರಿ ಇವೇ.

ಗರಿಕೆ (ಸೈನೊಡಾನ್ ಡ್ಯಾಕ್ಟಿಲಾನ್) ಬಹುವಾರ್ಷಿಕ. ಅದು ಬೀಜಕ್ಕಿಂತ ಹೆಚ್ಚಾಗಿ ನೆಲದೊಳಗಿನ ಕಾಂಡ ಮತ್ತು ಬಳ್ಳಿಯ ಗೆಣ್ಣುಗಳಿಂದ ಚಿಗುರುತ್ತದೆ. ಜೇಕಿನ ಗಡ್ಡೆಯೂ ಹೀಗೆಯೇ. ಮೇಲ್ಪದರದಲ್ಲಿ ಹಾಸಿದ ಔಷಧಿಯು ಇವನ್ನು ತಡೆಯಲಾರದು. ಗಣಪತಿಗೆ ಏರಿಸುವ ಗರಿಕೆಯನ್ನು ಹೊಲದಿಂದ ಓಡಿಸಲು ಹಿಂದಿನವರು ಕಂಡುಕೊಂಡ ಉಪಾಯ ಮಾಗಿ ಉಳುಮೆ: ಬೆಳೆ ತೆಗೆದ ಮೇಲೆ ಆಳವಾಗಿ ಉತ್ತು, ಬೇರುಕಾಂಡಗಳನ್ನು ಮೇಲೆತ್ತಿ, ಬಿಸಿಲಿಗೆ ಒಣಗಿಸಿ ಆರಿಸಿ ಹಾಕುವುದು. ಗರಿಕೆ ಹಬ್ಬಿದ ಹೊಲಕ್ಕೆ ಇಂದಿಗೂ ಇದಕ್ಕಿಂತ ಅಗ್ಗದ ಮದ್ದಿಲ್ಲ.

ಕಳೆಯ ಪೈಪೋಟಿ ಎಲ್ಲ ದಿನಗಳಲ್ಲೂ ಒಂದೇ ರೀತಿ ಇರುವುದಿಲ್ಲ. ಹೆಸರು, ಅಲಸಂದೆಗಳಂಥ ಅಲ್ಪಾವಧಿ ಬೆಳೆಗಳಿಗೆ ಮೊದಲ ಮೂರು ನಾಲ್ಕು ವಾರ, ಕಡಲೆಕಾಯಿಗೆ ಸುಮಾರು ಮೊದಲ 45 ದಿನ, ನಿಧಾನವಾಗಿ ಬೆಳೆಯುವ ತೊಗರಿಗೆ ಸುಮಾರು 60 ದಿನ ಸಂಕಟದ ಕಾಲ. ಹುರುಳಿಯು ಬೇಗ ಹರಡಿ ನೆಲ ಮುಚ್ಚುವುದರಿಂದ ಅದಕ್ಕೆ ಕಳೆನಾಶಕದ ಅವಶ್ಯಕತೆ ತೀರ ಕಡಿಮೆ. ಕಡಲೆಕಾಯಿಗೆ ಇನ್ನೊಂದು ವಿಶೇಷವಿದೆ. ಅದರ ಹೂವು ಬಾಡಿದ ಮೇಲೆ ಸೂಜಿಯಂಥ ಎಳೆಯೊಂದು ನೆಲದೊಳಕ್ಕೆ ಇಳಿದು ಅಲ್ಲಿ ಕಾಯಾಗುತ್ತದೆ. ಆ ಹಂತದ ನಂತರ ಕುಂಟೆ ಹೊಡೆದರೆ, ಬೇರು ಬಲಿತ ಹುಲ್ಲನ್ನು ಕಿತ್ತರೆ, ಕಾಯಿಯೂ ಕಿತ್ತುಬರುತ್ತದೆ. ತಡವಾಗಿ ಕಳೆ ತೆಗೆಯುವ ಅವಕಾಶವೇ ಇಲ್ಲದ ಬೆಳೆಯಾದ್ದರಿಂದ ಆರಂಭದಲ್ಲಿಯೇ ಹುಲ್ಲನ್ನು ತಡೆಯುವುದು ಕಡಲೆಕಾಯಿಗೆ ಉಳಿದ ಕಾಳುಗಳಿಗಿಂತ ಹೆಚ್ಚು ಅಗತ್ಯ.

ಕೆಲಸ ಮಾಡುವ ಬಗೆ

ಉದಯಪೂರ್ವ ಕಳೆನಾಶಕವು ಕಳೆಯನ್ನು ಗುರುತಿಸಿ ಕೊಲ್ಲುವುದಿಲ್ಲ. ಮಣ್ಣಿನ ಮೇಲೆ ಅದು ತೆಳುವಾದ ಒಂದು ಪದರವಾಗಿ ನಿಲ್ಲುತ್ತದೆ; ಆ ಪದರದಲ್ಲಿ ಮೊಳೆಯುವ ಅಥವಾ ಅದರ ಮೂಲಕ ಹಾದುಬರುವ ಎಳೆಯ ಸಸ್ಯ ಅದನ್ನು ಹೀರಿಕೊಳ್ಳುತ್ತದೆ. ಹೀಗಾಗಿ ಬೆಳೆ ಉಳಿದು ಕಳೆ ಸಾಯುವುದಕ್ಕೆ ರಾಸಾಯನಿಕದ ಗುಣದಷ್ಟೇ ಬೀಜ ಬಿದ್ದ ಆಳವೂ ಕಾರಣ. ಕಡಲೆಕಾಯಿಯ ಬೀಜ ಸುಮಾರು 5 ಸೆಂ.ಮೀ. ಆಳದಲ್ಲಿರುತ್ತದೆ, ಅದರ ಬೇರು ಔಷಧಿಯ ಪದರದ ಕೆಳಗೆ ಇಳಿಯುತ್ತದೆ, ದಪ್ಪನೆಯ ಮೊಳಕೆ ಪದರವನ್ನು ಬೇಗ ಭೇದಿಸಿ ಮೇಲೆ ಬರುತ್ತದೆ. ತೊಗರಿಯಲ್ಲಿ ಬೀಜದಳಗಳು ಮಣ್ಣಿನೊಳಗೇ ಉಳಿಯುತ್ತವೆ. ಹೆಸರು, ಅಲಸಂದೆ, ಅವರೆಗಳಲ್ಲಿ ಕಾಂಡವು ಕೊಕ್ಕೆಯಂತೆ ಬಾಗಿ ಬೀಜದಳಗಳನ್ನು ಎತ್ತಿಕೊಂಡು ಬರುತ್ತದೆ. ಎರಡರಲ್ಲಿಯೂ ಬೀಜದಲ್ಲಿ ಸಂಗ್ರಹವಾದ ಆಹಾರ ಹೆಚ್ಚು, ಏರುವ ಬಲ ಹೆಚ್ಚು.

ಹುಲ್ಲಿನ ಮೊಳಕೆಯ ರಚನೆ ಬೇರೆ. ಅದರ ಎಳೆಯ ಸುಳಿಯನ್ನು ಒಂದು ಒರೆಯಂಥ ಹೊದಿಕೆ ಸುತ್ತಿಕೊಂಡಿರುತ್ತದೆ. ಬೆಳವಣಿಗೆಯ ತುದಿಯೂ ಮುಂದೆ ಬೇರು ಒಡೆಯುವ ಗೆಣ್ಣೂ ಮಣ್ಣಿನ ಮೇಲ್ಭಾಗದಲ್ಲಿ, ಎಂದರೆ ಔಷಧಿಯ ಪದರದಲ್ಲಿಯೇ, ಇರುತ್ತವೆ. ಪೆಂಡಿಮೆಥಾಲಿನ್ ಈ ಸುಳಿಯ ಮೂಲಕವೂ ಎಳೆಬೇರಿನ ಮೂಲಕವೂ ಒಳಸೇರಿ, ಜೀವಕೋಶ ವಿಭಜನೆಯಾಗುವಾಗ ವರ್ಣತಂತುಗಳನ್ನು ಎರಡು ಬದಿಗೆ ಎಳೆಯುವ ಸೂಕ್ಷ್ಮ ನಾಳಿಕೆಗಳು ರೂಪುಗೊಳ್ಳದಂತೆ ತಡೆಯುತ್ತದೆ. ಕೋಶ ಹಿಗ್ಗುತ್ತದೆ, ಒಡೆದು ಎರಡಾಗುವುದಿಲ್ಲ. ಬೇರಿನ ತುದಿ ಗದೆಯಂತೆ ಊದಿಕೊಳ್ಳುತ್ತದೆ, ಮೊಳಕೆ ನೆಲದೊಳಗೇ ನಿಲ್ಲುತ್ತದೆ. ಈಗಾಗಲೇ ಎಲೆ ಬಿಟ್ಟು ಬೇರೂರಿದ ಹುಲ್ಲಿಗೆ ಇದರಿಂದ ಹೆಚ್ಚೇನೂ ಆಗದು. ಬಿತ್ತಿ ವಾರ ಕಳೆದ ಮೇಲೆ, ಹಸಿರು ಕಂಡ ನಂತರ ಈ ಔಷಧಿ ಹೊಡೆಯುವುದು ಹಣ ಚೆಲ್ಲಿದಂತೆ.

ಬಳಕೆಯಲ್ಲಿರುವ ರಾಸಾಯನಿಕಗಳು

ಪೆಂಡಿಮೆಥಾಲಿನ್ ಡೈನೈಟ್ರೋಅನಿಲೀನ್ ಗುಂಪಿಗೆ ಸೇರಿದ್ದು. 1970ರ ದಶಕದಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದಿತು; ಭಾರತದಲ್ಲಿ 'ಸ್ಟಾಂಪ್' ಎಂಬ ವ್ಯಾಪಾರನಾಮ ಬಹಳ ಕಾಲದಿಂದ ಪರಿಚಿತ. ಬಣ್ಣ ಕಿತ್ತಳೆ ಮಿಶ್ರಿತ ಹಳದಿ. ಕೈಗೆ, ಬಟ್ಟೆಗೆ, ಸಿಂಪಡಿಸುವ ಡಬ್ಬಕ್ಕೆ ಹತ್ತಿದರೆ ಬೇಗ ಹೋಗದು. ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ, ಮಣ್ಣಿನ ಕಣಗಳಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆದ್ದರಿಂದ ಮಳೆಯೊಡನೆ ಆಳಕ್ಕೆ ಇಳಿಯುವುದು ಕಡಿಮೆ. ಮತ್ತೊಂದೆಡೆ ಒಣಮಣ್ಣಿನ ಮೇಲೆ ಬಿದ್ದು ಮಳೆ ಬಾರದೆ ಉಳಿದರೆ ಬಿಸಿಲಿಗೆ ವಿಘಟನೆಯಾಗಿಯೂ ಆವಿಯಾಗಿಯೂ ಶಕ್ತಿ ಕಳೆದುಕೊಳ್ಳುತ್ತದೆ. ವಾರ್ಷಿಕ ಹುಲ್ಲುಗಳ ಜೊತೆಗೆ ಕೀರೆ, ಗೋಣಿಸೊಪ್ಪುಗಳಂಥ ಸಣ್ಣ ಬೀಜದ ಅಗಲ ಎಲೆಯ ಗಿಡಗಳನ್ನೂ ಇದು ತಡೆಯುತ್ತದೆ. ಕನ್ನೆಸೊಪ್ಪು (ಕೊಮೆಲಿನಾ) ಇದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ವರ್ಷವರ್ಷವೂ ಇದೊಂದನ್ನೇ ಬಳಸಿದ ಹೊಲದಲ್ಲಿ ಹುಲ್ಲು ಹೋಗಿ ಕನ್ನೆಸೊಪ್ಪೂ ಜೇಕೂ ತಮ್ಮ ರಾಜ್ಯ ಸ್ಥಾಪಿಸುವುದು ಅಪರೂಪವಲ್ಲ.

ಇದೇ ಗುಂಪಿನ ಫ್ಲುಕ್ಲೋರಾಲಿನ್ ('ಬಸಾಲಿನ್') ಒಂದು ಕಾಲದಲ್ಲಿ ಕಡಲೆಕಾಯಿಗೆ ಬಿತ್ತನೆಪೂರ್ವದಲ್ಲಿ ಮಣ್ಣಿಗೆ ಬೆರೆಸುವ ಔಷಧಿಯಾಗಿ ಹೆಸರಾಗಿತ್ತು. ಹಳೆಯ ಕೈಪಿಡಿಗಳಲ್ಲಿ ಅದರ ಹೆಸರು ಈಗಲೂ ಸಿಗುತ್ತದೆ.

ಅಲಾಕ್ಲೋರ್ ಮತ್ತು ಮೆಟೊಲಾಕ್ಲೋರ್ ಕ್ಲೋರೋಅಸಿಟಮೈಡ್ ಗುಂಪಿನವು. ಇವು ಮೊಳಕೆಯಲ್ಲಿ ಅತಿ ಉದ್ದ ಸರಪಳಿಯ ಕೊಬ್ಬಿನಾಮ್ಲಗಳ ತಯಾರಿಕೆಯನ್ನು ನಿಲ್ಲಿಸುತ್ತವೆ. ನೀರಿನಲ್ಲಿ ಪೆಂಡಿಮೆಥಾಲಿನ್‌ಗಿಂತ ಹೆಚ್ಚು ಕರಗುವುದರಿಂದ ಮರಳು ಮಣ್ಣಿನಲ್ಲಿ ಬೀಜದ ಆಳಕ್ಕೂ ಅಂತರ್ಜಲಕ್ಕೂ ಇಳಿಯುವ ಸಂಭವ ಹೆಚ್ಚು. ಅಲಾಕ್ಲೋರ್ ಈಗ ಭಾರತದಲ್ಲಿ ನಿಷೇಧಿತ. ಆಕ್ಸಿಫ್ಲೋರ್ಫೆನ್ ಮೊಳಕೆಯು ಪದರವನ್ನು ಮುಟ್ಟಿ ಬೆಳಕಿಗೆ ಬಂದೊಡನೆ ಅದನ್ನು ಸುಡುವ ಬಗೆಯದು. ಕಡಲೆಕಾಯಿಗೆ ಅತಿ ಕಡಿಮೆ ಪ್ರಮಾಣದಲ್ಲಿ, ಹೆಕ್ಟೇರಿಗೆ 100ರಿಂದ 200 ಗ್ರಾಂ ಸಕ್ರಿಯ ಅಂಶದಂತೆ, ಬಳಸುತ್ತಾರೆ. ಡೈಕ್ಲೋಸುಲಮ್ ಸೋಯಾ ಅವರೆ ಮತ್ತು ಕಡಲೆಕಾಯಿಗಳಲ್ಲಿ ಮುಖ್ಯವಾಗಿ ಅಗಲ ಎಲೆಯ ಕಳೆಗಳಿಗೆ ಸಲ್ಲುತ್ತದೆ. ಹುಲ್ಲು ಮಾತ್ರ ಇರುವ ಹೊಲಕ್ಕೆ ಅದನ್ನು ತರುವುದರಲ್ಲಿ ಅರ್ಥವಿಲ್ಲ. ಪೆಂಡಿಮೆಥಾಲಿನ್ ಮತ್ತು ಇಮಾಜೆಥಪೈರ್ ಕೂಡಿಸಿದ ಸಿದ್ಧ ಮಿಶ್ರಣವೂ ದೊರೆಯುತ್ತದೆ. ಇದರ ಕಾರ್ಯವ್ಯಾಪ್ತಿ ವಿಶಾಲ, ಆದರೆ ಮಣ್ಣಿನಲ್ಲಿ ಉಳಿದು ಮುಂದಿನ ಬೆಳೆಗೆ ತೊಂದರೆ ಕೊಡುವ ಸಾಧ್ಯತೆಯೂ ಹೆಚ್ಚು.

ಪ್ರಮಾಣ ಮತ್ತು ಲೆಕ್ಕಾಚಾರ

ವೈಜ್ಞಾನಿಕ ಬರಹಗಳಲ್ಲಿ ಪ್ರಮಾಣವನ್ನು ಹೆಕ್ಟೇರಿಗೆ ಇಷ್ಟು ಕಿಲೋಗ್ರಾಂ ಸಕ್ರಿಯ ಅಂಶ ಎಂದು ಬರೆಯುತ್ತಾರೆ. ಅಂಗಡಿಯಲ್ಲಿ ಸಿಗುವುದು ಲೀಟರಿನಲ್ಲಿ. ರೈತನ ಲೆಕ್ಕ ಎಕರೆ, ಗುಂಟೆಗಳಲ್ಲಿ. ಈ ಮೂರು ಅಳತೆಗಳ ನಡುವೆ ತಪ್ಪು ನುಸುಳುವುದರಿಂದ ಲೆಕ್ಕವನ್ನು ಬಿಡಿಸಿ ನೋಡುವುದು ಒಳ್ಳೆಯದು. ಪೆಂಡಿಮೆಥಾಲಿನ್‌ನ ಸಾಮಾನ್ಯ ಶಿಫಾರಸು ಹೆಕ್ಟೇರಿಗೆ 0.75ರಿಂದ 1 ಕಿ.ಗ್ರಾಂ ಸಕ್ರಿಯ ಅಂಶ. ಶೇಕಡಾ 30ರ ದ್ರಾವಣದ ಒಂದು ಲೀಟರಿನಲ್ಲಿ ಸಕ್ರಿಯ ಅಂಶ ಸುಮಾರು 300 ಗ್ರಾಂ. ಆದ್ದರಿಂದ 1 ಕಿ.ಗ್ರಾಂಗೆ ಸುಮಾರು 3.3 ಲೀಟರ್ ಬೇಕು. ಒಂದು ಹೆಕ್ಟೇರ್ ಎಂದರೆ 2.47 ಎಕರೆ; ಎಕರೆಗೆ ಸುಮಾರು 1.3 ಲೀಟರ್ ಆಯಿತು. ಕಡಿಮೆ ಪ್ರಮಾಣವಾದರೆ ಎಕರೆಗೆ 1 ಲೀಟರ್. ಎಕರೆಗೆ 40 ಗುಂಟೆಯಾದ್ದರಿಂದ 20 ಗುಂಟೆಯ ಹೊಲಕ್ಕೆ ಇದರ ಅರ್ಧ ಸಾಕು. ಎಕರೆಗೆ 300 ಲೀಟರ್ ನೀರು ಬಳಸಿ, 15 ಲೀಟರಿನ ಡಬ್ಬದಿಂದ ಸಿಂಪಡಿಸಿದರೆ 20 ಡಬ್ಬ. 1 ಲೀಟರ್ ಔಷಧಿಯನ್ನು ಹಂಚಿದರೆ ಡಬ್ಬಕ್ಕೆ 50 ಮಿಲಿ. ಶೇಕಡಾ 38.7ರ ಸೂಕ್ಷ್ಮಕೋಶ ರೂಪದ ಪೆಂಡಿಮೆಥಾಲಿನ್ ಕೂಡ ಮಾರುಕಟ್ಟೆಯಲ್ಲಿದೆ. ಅದರ ಸಾಂದ್ರತೆ ಬೇರೆ, ಪ್ರಮಾಣವೂ ಬೇರೆ; ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಾಕಬಾರದು. ಯಾವ ಬೆಳೆಗೆ ಎಷ್ಟು ಎಂಬುದಕ್ಕೆ ಡಬ್ಬದ ಚೀಟಿ ಮತ್ತು ವಿಶ್ವವಿದ್ಯಾಲಯದ ಶಿಫಾರಸುಗಳೇ ಪ್ರಮಾಣ.

ಕೆಂಪು ಮರಳು ಮಣ್ಣಿಗೆ ಕೆಳಗಿನ ಪ್ರಮಾಣವೇ ಸಾಕು. ಕಲಬುರಗಿಯ ತೊಗರಿ ಬೆಳೆಯುವ ಕಪ್ಪು ಜೇಡಿಮಣ್ಣಿನಲ್ಲಿ ಔಷಧಿಯ ಒಂದು ಪಾಲನ್ನು ಜೇಡಿಯ ಕಣಗಳೇ ಹಿಡಿದಿಟ್ಟುಕೊಳ್ಳುವುದರಿಂದ ಅಲ್ಲಿ ಮೇಲಿನ ಪ್ರಮಾಣ ಬೇಕಾಗುತ್ತದೆ. ಅಲ್ಲಿನ ಅನುಭವವನ್ನು ಪಾವಗಡದ ಮರಳುಗೋಡಿಗೆ ಹಾಗೆಯೇ ತಂದರೆ ಬೆಳೆಗೆ ಪೆಟ್ಟು. ಪ್ರಮಾಣ ಮೀರಿದಾಗ ದ್ವಿದಳ ಸಸಿಯ ಕಾಂಡವು ನೆಲಮಟ್ಟದಲ್ಲಿ ಊದಿ, ಬಿರುಕುಬಿಟ್ಟು, ಗಾಳಿಗೆ ಮುರಿಯುವಂತಾಗುತ್ತದೆ.

ಸಿಂಪಡಿಸುವ ಕ್ರಮ

ಬಿತ್ತಿದ ದಿನ ಅಥವಾ ಮರುದಿನ, ತಡವೆಂದರೆ ಮೂರನೆಯ ದಿನದೊಳಗೆ ಸಿಂಪಡಣೆ ಮುಗಿಯಬೇಕು. ಮಣ್ಣಿನಲ್ಲಿ ಹಸಿ ಇರಬೇಕು. ಕೈಯಲ್ಲಿ ಹಿಡಿದ ಮಣ್ಣು ಉಂಡೆಗಟ್ಟುವಷ್ಟಾದರೂ ತೇವ ಅಗತ್ಯ. ಹೆಂಟೆಗಳಿದ್ದರೆ ಅವುಗಳ ಮರೆಯಲ್ಲಿ ಔಷಧಿ ಬೀಳದು, ಹೆಂಟೆ ಕರಗಿದಾಗ ಅಲ್ಲಿಂದ ಹುಲ್ಲು ಎದ್ದುಬರುತ್ತದೆ. ಆದುದರಿಂದ ಬಿತ್ತನೆಯ ಬೆನ್ನಿಗೇ ಹಲುಬೆ ಅಥವಾ ಹಲಗೆ ಎಳೆದು ನೆಲವನ್ನು ಸಮಮಾಡುವುದು ವಾಡಿಕೆ. ಬೀಜ ಮೇಲೆ ಕಾಣುವಂತೆ ಬಿದ್ದಿದ್ದರೆ ಅದಕ್ಕೆ ಔಷಧಿ ನೇರವಾಗಿ ತಗಲುತ್ತದೆ; ಕೂರಿಗೆಯ ಬಿತ್ತನೆ ಎರಚಿ ಬಿತ್ತುವುದಕ್ಕಿಂತ ಕ್ಷೇಮ ಎನ್ನುವುದಕ್ಕೆ ಇದೂ ಒಂದು ಕಾರಣ.

ಕೀಟನಾಶಕಕ್ಕೆ ಬಳಸುವ ದುಂಡು ನಳಿಕೆಯ ಬದಲು ನೀರನ್ನು ಬೀಸಣಿಗೆಯಂತೆ ಚಪ್ಪಟೆಯಾಗಿ ಹರಡುವ ನಳಿಕೆಯನ್ನು ಉಪಯೋಗಿಸಬೇಕು. ಸಿಂಪಡಿಸುವವನು ಹಿಂದಕ್ಕೆ ಹೆಜ್ಜೆಯಿಡುತ್ತ ಹೋದರೆ ತಾನು ಹಾಸಿದ ಪದರವನ್ನು ತಾನೇ ತುಳಿಯುವುದು ತಪ್ಪುತ್ತದೆ, ಕಾಲಿಗೂ ಔಷಧಿ ತಗಲದು. ಸಿಂಪಡಣೆಯ ನಂತರ ಹದವಾದ ಒಂದು ಮಳೆ ಬಂದರೆ ಉತ್ತಮ; ತುಂತುರು ನೀರಾವರಿ ಇರುವವರು ತೆಳುವಾಗಿ ನೀರು ಕೊಡಬಹುದು. ಅದೇ ದಿನ ಸುರಿದ ಜಡಿಮಳೆಗೆ ಇಳಿಜಾರಿನ ಹೊಲದ ಮೇಲ್ಮಣ್ಣು ಕೊಚ್ಚಿಹೋದರೆ ಔಷಧಿಯೂ ಅದರೊಡನೆ ಹೋಗುತ್ತದೆ.

ಬಳಿಕ ಮೂರು ನಾಲ್ಕು ವಾರ ಮಣ್ಣನ್ನು ಕದಡಬಾರದು. ಕುಂಟೆ ಹೊಡೆದೊಡನೆ ಪದರ ಒಡೆದು ಕೆಳಗಿನ ಬೀಜಗಳು ಮೇಲೆ ಬರುತ್ತವೆ. ಸುಮಾರು 30ರಿಂದ 35ನೆಯ ದಿನಕ್ಕೆ ಒಂದು ಎಡೆಕುಂಟೆ ಅಥವಾ ಒಂದು ಕೈಕಳೆ ಸೇರಿಸುವುದು ಶಿಫಾರಸಾದ ಕ್ರಮ. ಔಷಧಿಯೊಂದರಿಂದಲೇ ಕೊನೆಯವರೆಗೆ ಹೊಲ ಶುಭ್ರವಾಗಿರುತ್ತದೆ ಎಂಬ ನಿರೀಕ್ಷೆಗೆ ಆಧಾರವಿಲ್ಲ. ಸಿಂಪಡಣೆ ಕೈತಪ್ಪಿದ ಹೊಲದಲ್ಲಿ, ಹುಲ್ಲು ಎರಡರಿಂದ ನಾಲ್ಕು ಎಲೆಯಾಗಿರುವಾಗ ಕ್ವಿಜಾಲೊಫಾಪ್ ಈಥೈಲ್‌ನಂಥ ಹುಲ್ಲಿಗೆ ಮಾತ್ರ ತಗಲುವ ಉದಯೋತ್ತರ ಕಳೆನಾಶಕವನ್ನು ಬಳಸುವ ಕ್ರಮವಿದೆ. ಮಳೆ ಬರುವುದು ಖಚಿತವಿಲ್ಲದ ವರ್ಷಗಳಲ್ಲಿ ಹುಲ್ಲನ್ನು ಕಣ್ಣಾರೆ ಕಂಡ ಮೇಲೆ ಖರ್ಚು ಮಾಡುವ ಈ ವಿಧಾನವೇ ಮಳೆಯಾಶ್ರಿತ ಸಣ್ಣ ರೈತನಿಗೆ ಹೆಚ್ಚು ಹೊಂದುತ್ತದೆ ಎನ್ನಬಹುದು.

ರಾಗಿ ಮತ್ತು ಅಕ್ಕಡಿ ಬೇಸಾಯದ ಪ್ರಶ್ನೆ

ದಕ್ಷಿಣ ಕರ್ನಾಟಕದ ಒಣಬೇಸಾಯದಲ್ಲಿ ದ್ವಿದಳ ಧಾನ್ಯವು ಬಹಳ ಕಾಲದಿಂದ ರಾಗಿಯ ಹೊಲದಲ್ಲಿಯೇ ಬೆಳೆದುಬಂದಿದೆ. ರಾಗಿಯ ಕೆಲವು ಸಾಲುಗಳಿಗೊಂದರಂತೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಜೋಳಗಳನ್ನು ಬಿತ್ತುವ ಈ ಕ್ರಮಕ್ಕೆ ಅಕ್ಕಡಿ ಎಂದು ಹೆಸರು. ಗುಬ್ಬಿ, ಕುಣಿಗಲ್ ಸೀಮೆಯ ಮನೆಗಳಲ್ಲಿ ರಾಗಿಮುದ್ದೆಯೂ ಅದರ ಜೊತೆಗಿನ ಸಾರಿನ ಕಾಳೂ ಒಂದೇ ಹೊಲದಿಂದ ಬರುತ್ತಿದ್ದುದು ಇದರಿಂದಲೇ. ರಾಗಿ ಕೊಯ್ದ ಮೇಲೂ ಅವರೆ ಇಬ್ಬನಿಯಲ್ಲಿ ಹೂ ಬಿಟ್ಟು ಸೊಗಡಿನ ಕಾಯಿ ಕೊಡುತ್ತದೆ.

ಇಂಥ ಹೊಲದಲ್ಲಿ ಅವರೆಯ ಸಲುವಾಗಿ ಪೆಂಡಿಮೆಥಾಲಿನ್ ಸಿಂಪಡಿಸುವಂತಿಲ್ಲ. ರಾಗಿಯ (ಎಲ್ಯುಸೀನ್ ಕೊರಕಾನಾ) ಬೀಜವೂ ಸಣ್ಣದು, ಮೇಲ್ಪದರದಲ್ಲಿಯೇ ಮೊಳೆಯುವಂಥದು. ಕಳೆಯಾದ ಕಾಡುರಾಗಿಯೂ ಅದೂ ಒಂದೇ ಕುಲದವು ಮಾತ್ರವಲ್ಲ, ರಾಗಿಯಲ್ಲಿರುವ ಎರಡು ಜೀನೋಮುಗಳಲ್ಲಿ ಒಂದು ಕಾಡುರಾಗಿಯ ವಂಶದಿಂದಲೇ ಬಂದದ್ದು ಎಂಬುದನ್ನು ತಳಿವಿಜ್ಞಾನಿಗಳು ಒಪ್ಪುತ್ತಾರೆ. ಮೊಳಕೆಯ ಹಂತದಲ್ಲಿ ನುರಿತ ರೈತನಿಗೂ ಎರಡನ್ನು ಬೇರ್ಪಡಿಸುವುದು ಕಷ್ಟ. ಬುಡ ಚಪ್ಪಟೆಯಾಗಿ ಬಿಳುಪಾಗಿ ಹರಡಿದಾಗ ಕಾಡುರಾಗಿ ತನ್ನನ್ನು ತೋರಿಸಿಕೊಳ್ಳುತ್ತದೆ. ಮಣ್ಣಿನ ಪದರದಲ್ಲಿರುವ ಔಷಧಿಗೆ ಆ ಭೇದವೂ ತಿಳಿಯದು. ಇನ್ನು ರಾಗಿಗೆ ಹೊಂದುವ ಕಳೆನಾಶಕಗಳನ್ನು ಆರಿಸಿಕೊಂಡರೆ ಅಕ್ಕಡಿಯ ಕಾಳುಗಳಿಗೆ ಅವು ಹೊಂದುತ್ತವೆ ಎಂಬ ಭರವಸೆಯಿಲ್ಲ. ಕಳೆನಾಶಕವನ್ನು ನೆಚ್ಚಿದ ಹೊಲವು ಕ್ರಮೇಣ ಒಂದೇ ಬೆಳೆಯ ಹೊಲವಾಗಿ ಮಾರ್ಪಡುತ್ತದೆ. ಆಳಿನ ಖರ್ಚು ಉಳಿದ ಲೆಕ್ಕದಲ್ಲಿ ಕಳೆದುಹೋದ ಅವರೆ, ತೊಗರಿಗಳ ಬೆಲೆಯನ್ನು ಬರೆಯುವವರು ಕಡಿಮೆ.

ಬೆಳೆ ಸರದಿಯಲ್ಲಿಯೂ ಇದೇ ಪ್ರಶ್ನೆ ಬರುತ್ತದೆ. ಭರಣಿ, ಕೃತ್ತಿಕೆ ಮಳೆಗಳಿಗೆ ಹೆಸರು ಅಥವಾ ಅಲಸಂದೆ ಬಿತ್ತಿ, ಅದನ್ನು ಬಿಡಿಸಿಕೊಂಡು, ಪುನರ್ವಸು, ಪುಷ್ಯ ಮಳೆಗಳಿಗೆ ಅದೇ ಹೊಲಕ್ಕೆ ರಾಗಿ ಹಾಕುವ ರೂಢಿ ಜಿಲ್ಲೆಯಲ್ಲಿದೆ. ಎರಡು ಬಿತ್ತನೆಗಳ ನಡುವಿನ ಅಂತರ ಎರಡೂವರೆಯಿಂದ ಮೂರು ತಿಂಗಳು. ಪೆಂಡಿಮೆಥಾಲಿನ್ ಮಣ್ಣಿನಲ್ಲಿ ಅರ್ಧಕ್ಕೆ ಇಳಿಯಲು ಹವೆ, ತೇವ, ಮಣ್ಣಿನ ಗುಣಗಳನ್ನು ಅನುಸರಿಸಿ ಕೆಲವು ವಾರಗಳಿಂದ ಮೂರು ತಿಂಗಳವರೆಗೂ ಬೇಕಾಗಬಹುದು. ಬರದ ವರ್ಷ ಸೂಕ್ಷ್ಮಜೀವಿಗಳ ಕೆಲಸ ಕುಂಠಿತವಾಗಿ ಇನ್ನೂ ನಿಧಾನ. ಹೀಗಿರುವಾಗ ಹೆಸರಿಗೆ ಹೊಡೆದ ಔಷಧಿಯ ಶೇಷ ರಾಗಿಯ ಮೊಳಕೆಗೆ ಎದುರಾಗುವುದು ಸಾಧ್ಯ. ಆಳವಾಗಿ ಉತ್ತು ಮೇಲ್ಪದರವನ್ನು ಕಲಸುವುದು, ರಾಗಿಯನ್ನು ಬಿತ್ತುವ ಬದಲು ಪೈರು ಬೆಳೆಸಿ ನಾಟಿ ಮಾಡುವುದು ಅಪಾಯವನ್ನು ತಗ್ಗಿಸುತ್ತವೆ. ಸಂದೇಹವಿದ್ದಲ್ಲಿ ಹೊಲದ ಮಣ್ಣನ್ನು ಒಂದು ಕುಂಡದಲ್ಲಿ ತುಂಬಿ, ಔಷಧಿ ಕಾಣದ ಮಣ್ಣನ್ನು ಇನ್ನೊಂದರಲ್ಲಿ ತುಂಬಿ, ಎರಡರಲ್ಲೂ ರಾಗಿ ಚೆಲ್ಲಿ ಹತ್ತು ಹದಿನೈದು ದಿನ ಹೋಲಿಸಿ ನೋಡುವುದು ಶಾಲಾ ವಿದ್ಯಾರ್ಥಿಗಳೂ ಮಾಡಬಹುದಾದ ಪರೀಕ್ಷೆ.

ಇದರೊಡನೆ ಹೇಳಬೇಕಾದ ಮತ್ತೊಂದು ಸಂಗತಿ ಬೆರಕೆಸೊಪ್ಪು. ಕೀರೆ, ಗೋಣಿಸೊಪ್ಪು, ಅಣ್ಣೆಸೊಪ್ಪು, ಕನ್ನೆಸೊಪ್ಪುಗಳು ಕೃಷಿಶಾಸ್ತ್ರದ ಪಟ್ಟಿಯಲ್ಲಿ ಕಳೆಗಳಾದರೂ ಹಳ್ಳಿಯ ಅಡುಗೆಮನೆಯಲ್ಲಿ ಮಸ್ಸೊಪ್ಪಿನ ಸಾಮಗ್ರಿಗಳು. ಕಳೆ ಕೀಳುವ ಹೆಂಗಸರು ಮಡಿಲಿನಲ್ಲಿ ಸೊಪ್ಪನ್ನೂ ತಲೆಯ ಮೇಲೆ ದನಕ್ಕೆ ಹುಲ್ಲನ್ನೂ ಹೊತ್ತು ತರುತ್ತಾರೆ. ಔಷಧಿ ಸಿಂಪಡಿಸಿದ ಹೊಲದಲ್ಲಿ ಇವೆರಡೂ ಕಡಿಮೆಯಾಗುತ್ತವೆ. ಬೆಳೆದರೂ ಅಂಥ ಹೊಲದ ಸೊಪ್ಪನ್ನು ಆ ಹಂಗಾಮಿನಲ್ಲಿ ಕೀಳದಿರುವುದು ಲೇಸು.

ನಿರೋಧಶಕ್ತಿ

ಒಂದೇ ಕಳೆನಾಶಕವನ್ನು ಬಹುಕಾಲ ಬಳಸಿದರೆ ಅದಕ್ಕೆ ಬಗ್ಗದ ಕಳೆಯ ತಳಿಗಳು ಮೇಲುಗೈ ಪಡೆಯುತ್ತವೆ. ಡೈನೈಟ್ರೋಅನಿಲೀನ್ ಗುಂಪಿನ ಮಟ್ಟಿಗೆ ಇದರ ಪ್ರಸಿದ್ಧ ಉದಾಹರಣೆ ನಮ್ಮ ಹೊಲಗಳಿಗೆ ಪರಿಚಿತವಾದ ಕಾಡುರಾಗಿಯೇ. ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಹತ್ತಿ ಹೊಲಗಳಲ್ಲಿ ಟ್ರೈಫ್ಲುರಾಲಿನ್ ಅನ್ನು ಸತತವಾಗಿ ಬಳಸಿದ ಪರಿಣಾಮವಾಗಿ ಅದಕ್ಕೆ ನಿರೋಧಶಕ್ತಿ ಪಡೆದ ಕಾಡುರಾಗಿ ಕಾಣಿಸಿಕೊಂಡದ್ದು 1980ರ ದಶಕದಲ್ಲಿ ವರದಿಯಾಯಿತು. ಸೂಕ್ಷ್ಮ ನಾಳಿಕೆಗಳನ್ನು ಕಟ್ಟುವ ಟ್ಯೂಬುಲಿನ್ ಎಂಬ ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದದ್ದು ಇದಕ್ಕೆ ಕಾರಣವೆಂದು 1998ರಲ್ಲಿ ತಿಳಿದುಬಂದಿತು. ಔಷಧಿಯ ಗುಂಪನ್ನು ಬದಲಿಸುವುದು, ಎಡೆಕುಂಟೆಯನ್ನು ಬಿಡದಿರುವುದು, ಬಿತ್ತನೆಗೆ ಮುಂಚೆ ಮೊದಲ ಮಳೆಗೆ ಹುಲ್ಲನ್ನು ಮೊಳೆಯಲು ಬಿಟ್ಟು ಹರಗಿ ಹಾಕುವ ಹುಸಿ ಬಿತ್ತನೆ ಇವು ಇದಕ್ಕೆ ಪರಿಹಾರಗಳು.

ಸಂಶೋಧನೆ ಮತ್ತು ಮಾರ್ಗದರ್ಶನ

ಭಾರತದಲ್ಲಿ ಕಳೆ ನಿಯಂತ್ರಣದ ಸಂಘಟಿತ ಸಂಶೋಧನೆಗೆ 1978ರಲ್ಲಿ ಆರಂಭವಾದ ಅಖಿಲ ಭಾರತ ಸುಸಂಘಟಿತ ಯೋಜನೆ ತಳಹದಿಯಾಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಅದರ ಕೇಂದ್ರಗಳಲ್ಲಿ ಒಂದು. ಜಬಲ್ಪುರದಲ್ಲಿ 1989ರಲ್ಲಿ ಸ್ಥಾಪನೆಯಾದ ಕಳೆ ವಿಜ್ಞಾನ ಕೇಂದ್ರವು ಈಗ ಕಳೆ ಸಂಶೋಧನಾ ನಿರ್ದೇಶನಾಲಯವಾಗಿದೆ. ತುಮಕೂರು ಜಿಲ್ಲೆಯ ರೈತರಿಗೆ ಹಿರೇಹಳ್ಳಿಯ ಮತ್ತು ತಿಪಟೂರು ತಾಲ್ಲೂಕು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಗಳೂ ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರಗಳೂ ಮಾಹಿತಿ ನೀಡುತ್ತವೆ.

ಸುರಕ್ಷತೆ ಮತ್ತು ಪರಿಸರ

ಪೆಂಡಿಮೆಥಾಲಿನ್ ಮೀನು ಮತ್ತು ಇತರ ಜಲಚರಗಳಿಗೆ ವಿಷಕಾರಿ. ಸಿಂಪಡಿಸಿದ ಡಬ್ಬವನ್ನು ಕೆರೆಯಲ್ಲಿ, ಕಟ್ಟೆಯಲ್ಲಿ ತೊಳೆಯಬಾರದು. ಕೆರೆಯಿಂದ ಕೆರೆಗೆ ಕೋಡಿ ಹರಿಯುವ ಈ ಸೀಮೆಯಲ್ಲಿ ಮೇಲಿನ ಊರಿನ ಅಜಾಗರೂಕತೆ ಕೆಳಗಿನ ಊರಿನ ನೀರಿಗೆ ಸೇರುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಈ ರಾಸಾಯನಿಕವನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಾಧ್ಯತೆಯುಳ್ಳದ್ದು ಎಂಬ ವರ್ಗದಲ್ಲಿ ಇರಿಸಿದೆ. ಕೈಗವಸು, ಮುಖಕ್ಕೆ ಮರೆ, ಪೂರ್ಣ ತೋಳಿನ ಅಂಗಿ, ಮುಚ್ಚಿದ ಪಾದರಕ್ಷೆ ಇಲ್ಲದೆ ಸಿಂಪಡಿಸುವುದು ಅಪಾಯಕರ. ಖಾಲಿ ಡಬ್ಬವನ್ನು ನೀರು, ಎಣ್ಣೆ ತುಂಬಲು ಬಳಸಕೂಡದು. ಕಳೆನಾಶಕಕ್ಕೆಂದೇ ಬೇರೆ ಸಿಂಪಡಣಾ ಯಂತ್ರ ಇಟ್ಟುಕೊಳ್ಳುವುದು ಉತ್ತಮ. ತೊಳೆಯದ ಡಬ್ಬದಲ್ಲಿ ಮರುವಾರ ರಾಗಿಗೋ ತರಕಾರಿಗೋ ಔಷಧಿ ಹೊಡೆದು ಬೆಳೆ ಸುಟ್ಟ ಪ್ರಸಂಗಗಳು ಪ್ರತಿ ಊರಿನಲ್ಲಿಯೂ ಕೇಳಿಬರುತ್ತವೆ.

ಕಾನೂನು

ಭಾರತದಲ್ಲಿ ಕಳೆನಾಶಕಗಳು 1968ರ ಕೀಟನಾಶಕಗಳ ಕಾಯ್ದೆ ಮತ್ತು 1971ರ ನಿಯಮಗಳ ವ್ಯಾಪ್ತಿಗೆ ಒಳಪಡುತ್ತವೆ. ಕಾಯ್ದೆಯ ಪರಿಭಾಷೆಯಲ್ಲಿ ಹುಲ್ಲನ್ನು ಕೊಲ್ಲುವ ಔಷಧಿಯೂ 'ಕೀಟನಾಶಕ'ವೇ. ಡಬ್ಬದ ಮೇಲಿನ ಚೌಕದಲ್ಲಿ ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳು ವಿಷದ ತೀವ್ರತೆಯನ್ನು ಇಳಿಕೆಯ ಕ್ರಮದಲ್ಲಿ ಸೂಚಿಸುತ್ತವೆ. ಹಸಿರು ಬಣ್ಣವಿದ್ದ ಮಾತ್ರಕ್ಕೆ ಅದು ನಿರಪಾಯ ಎಂದರ್ಥವಲ್ಲ.

2018ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಆದೇಶವು ಟ್ರೈಫ್ಲುರಾಲಿನ್ ಬಳಕೆಯನ್ನು, ಗೋಧಿಯೊಂದನ್ನು ಬಿಟ್ಟು, ನಿಷೇಧಿಸಿತು. ಅದೇ ಆದೇಶದಂತೆ ಅಲಾಕ್ಲೋರ್ 2020ರ ಡಿಸೆಂಬರ್ 31ರಿಂದ ಸಂಪೂರ್ಣವಾಗಿ ನಿಷೇಧಗೊಂಡಿತು. ಐರೋಪ್ಯ ಒಕ್ಕೂಟವು ಅಲಾಕ್ಲೋರ್ ಅನ್ನು 2006ರಲ್ಲಿಯೇ ಕೈಬಿಟ್ಟಿತ್ತು. ಆದ್ದರಿಂದ ಕಡಲೆಕಾಯಿಗೆ ಅಲಾಕ್ಲೋರ್ ಹೇಳಿರುವ ಹಳೆಯ ಕೈಪಿಡಿ, ಪಠ್ಯಪುಸ್ತಕಗಳನ್ನು ಇಂದು ಅನುಸರಿಸುವಂತಿಲ್ಲ. 2020ರ ಮೇ ತಿಂಗಳಿನಲ್ಲಿ ಪ್ರಕಟವಾದ ಮತ್ತೊಂದು ಕರಡು ಆದೇಶವು 27 ರಾಸಾಯನಿಕಗಳನ್ನು ನಿಷೇಧಿಸಲು ಉದ್ದೇಶಿಸಿತ್ತು. ಪೆಂಡಿಮೆಥಾಲಿನ್ ಮತ್ತು ಆಕ್ಸಿಫ್ಲೋರ್ಫೆನ್ ಎರಡೂ ಆ ಪಟ್ಟಿಯಲ್ಲಿದ್ದವು. 2023ರಲ್ಲಿ ಹೊರಬಿದ್ದ ಅಂತಿಮ ಆದೇಶದಲ್ಲಿ ನಿಷೇಧಕ್ಕೆ ಒಳಗಾದವು ಬೆರಳೆಣಿಕೆಯಷ್ಟು ಮಾತ್ರ. ಈ ಎರಡು ಕಳೆನಾಶಕಗಳು ಅವುಗಳಲ್ಲಿ ಸೇರಿರಲಿಲ್ಲ.